ಲಾಕ್ ಅನ್ನುವ ಮೊದಲು ಡಿಸ್ಕ್ ತಿರುಗಿಸಿ ನೋಡಿ

ಮುಂಬೈಯ ಕನ್ನಡಿಗರ ಮನೆಯಲ್ಲಿ ಲಾಫ್ಟ್ ಮೇಲಿನ ಪೆಟ್ಟಿಗೆ ಇಳಿಸಿದರೆ ಸಾಮಾನ್ಯವಾಗಿ ನಾಲ್ಕು ಜಾತಿಯ ಡಿಸ್ಕ್ ಸಿಗುತ್ತವೆ. ಊರಿಂದ ಮತ್ಸ್ಯಗಂಧ ರೈಲು ಹತ್ತುವ ಮುಂಚೆ ಉಡುಪಿಯಲ್ಲೋ ಮಂಗಳೂರಲ್ಲೋ ಕೊಂಡ ಯಕ್ಷಗಾನದ ವಿಸಿಡಿ. ಕನ್ನಡ ಸಿನಿಮಾದ ಡಿವಿಡಿ. ಮದುವೆ, ಉಪನಯನದ್ದೆಂದು ವಿಡಿಯೋದವರು ಬರೆದುಕೊಟ್ಟ ಡಿವಿಡಿ-ಆರ್. ದುಬೈಯಿಂದಲೋ ಅಮೆರಿಕದಿಂದಲೋ ನೆಂಟರು ತಂದುಕೊಟ್ಟ ಡಿವಿಡಿ, ಬ್ಲೂ-ರೇ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದ ಮೇಲೆ ಈ ಪೆಟ್ಟಿಗೆಗಳು ಇನ್ನಷ್ಟು ಉಬ್ಬಿದವು.

ಇವುಗಳಲ್ಲಿ ಯಾವುದು ಓಡದಿದ್ದರೂ ಹೇಳುವ ಮಾತು ಒಂದೇ: "ಕಾಪಿ ಪ್ರೊಟೆಕ್ಷನ್ ಇದೆ, ಲಾಕ್ ಆಗಿದೆ." ಆಮೇಲೆ ಲಾಕ್ ಒಡೆಯುವ ಸಾಫ್ಟ್‌ವೇರ್ ಹುಡುಕಾಟ, ಅದರ ಜೊತೆಗೇ ಕಂಪ್ಯೂಟರಿಗೆ ಬರುವ ಇನ್ನಷ್ಟು ಕಸ. ವಿಸಿಡಿಗೆ ಲಾಕ್ ಅನ್ನುವುದೇ ಇಲ್ಲ, ಆ ಮಾದರಿಯಲ್ಲೇ ಇಲ್ಲ. ಮದುವೆ ಡಿಸ್ಕಿಗೂ ಇಲ್ಲ. ಲಾಕ್ ಇರುವ ಸಿನಿಮಾ ಡಿವಿಡಿಯಲ್ಲೂ ತೊಂದರೆ ಬಹುಪಾಲು ಬೂಷ್ಟಿನದ್ದು, ಇಲ್ಲವೇ ಡ್ರೈವಿನದ್ದು. ಆದ್ದರಿಂದ ಯಾವ ಹಂತದಲ್ಲಿ ಎಡವಿದೆ ಅಂತ ಮೊದಲು ಗುರುತಿಸಬೇಕು. ಸಾಫ್ಟ್‌ವೇರ್ ಮಾತು ಆಮೇಲೆ.

ತಪ್ಪು ಎಲ್ಲಿದೆ ಅಂತ ಡಿಸ್ಕೇ ಹೇಳುತ್ತದೆ

ಕಂಪ್ಯೂಟರಿನ ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಹಾಕಿದಾಗ ಮೊದಲ ಕ್ಷಣದಿಂದಲೇ ಹಸಿರು, ಗುಲಾಬಿ ಚೌಕಗಳು ಕುಣಿದು ಧ್ವನಿ ಕಿರ್ರ್ ಅನ್ನುತ್ತಿದ್ದರೆ, ಅದೂ ಸಿನಿಮಾದ ಉದ್ದಕ್ಕೂ ಹಾಗೇ ಇದ್ದರೆ, ಅದು ನಿಜವಾಗಿ ಲಾಕ್. ಗೂಢಲಿಪಿ ಬಿಡಿಸಿಲ್ಲ. ಚೆನ್ನಾಗಿ ಓಡುತ್ತಾ ಓಡುತ್ತಾ ಒಂದೇ ಜಾಗದಲ್ಲಿ ಪ್ರತಿ ಸಲವೂ ನಿಂತರೆ ಗೀರು ಅಥವಾ ಬೂಷ್ಟು. ಮೆನು ಬರುವ ಮೊದಲೇ ಪ್ಲೇಯರ್ ತಿರಸ್ಕರಿಸಿದರೆ ರೀಜನ್, ಅಂದರೆ ಡಿಸ್ಕ್ ಯಾವ ದೇಶಗಳಿಗೆ ಅನ್ನುವ ಗುರುತು. ಡಿಸ್ಕ್ ತಿರುಗತೊಡಗಿದ ಕೂಡಲೇ ಡ್ರೈವೇ "ದಿಸ್ ಪಿಸಿ"ಯಿಂದ ಮಾಯವಾಗಿ ಮತ್ತೆ ಪ್ರತ್ಯಕ್ಷವಾದರೆ ಕರೆಂಟು ಸಾಲುತ್ತಿಲ್ಲ. ಧ್ವನಿ ಸರಿಯಾಗಿ ಬಂದು ಚಿತ್ರ ಮಾತ್ರ ಕಪ್ಪಾಗಿದ್ದರೆ ಡಿಸ್ಕಿಗೂ ಅದಕ್ಕೂ ಸಂಬಂಧವಿಲ್ಲ. ವಿಎಲ್‌ಸಿಯ ಪ್ರಿಫರೆನ್ಸಸ್‌ಗೆ ಹೋಗಿ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಮಾಡಿ.

ವಿಂಡೋಸ್ ಕೊಡುವ ಸಂದೇಶಗಳನ್ನೂ ಓದಿ, ಕ್ಲೋಸ್ ಒತ್ತಿ ಬಿಡಬೇಡಿ. ಫೈಲ್ ಕಾಪಿ ಮಾಡುವಾಗ "ಕಾಪಿ ಪ್ರೊಟೆಕ್ಷನ್ ಎರರ್, ಸೆಕ್ಟರ್ ಎನ್‌ಕ್ರಿಪ್ಟ್ ಆಗಿದೆ" ಎಂಬರ್ಥದ್ದು ಬಂದರೆ ಲಾಕ್ (ಸೆಕ್ಟರ್ ಅಂದರೆ ಡಿಸ್ಕಿನ ದತ್ತಾಂಶದ ಒಂದು ಚಿಕ್ಕ ತುಂಡು). "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಅಂತ ಬಂದರೆ ಡ್ರೈವಿಗೆ ಓದಲು ಆಗಲಿಲ್ಲ ಅಂತ ಅರ್ಥ, ಲಾಕಿಗೂ ಅದಕ್ಕೂ ನಂಟಿಲ್ಲ. "ಐ/ಒ ಡಿವೈಸ್ ಎರರ್" ಅಂದರೆ ಮೊದಲು ಕೇಬಲ್, ಪೋರ್ಟ್, ಡ್ರೈವ್ ನೋಡಿ. ಡಿಸ್ಕಿನಿಂದ ವಿಡಿಯೋ ಫೈಲ್ ತೆಗೆಯುವ ಮೇಕ್‌ಎಂಕೆವಿ ಬಳಸುವವರಿಗೂ ಇದೇ ಲೆಕ್ಕ: ಲಾಗ್‌ನಲ್ಲಿ "ಮೀಡಿಯಂ ಎರರ್" ಕಂಡರೆ ಡಿಸ್ಕ್ ತೊಳೆಯಿರಿ, "ವಿದೌಟ್ ಆಥೆಂಟಿಕೇಶನ್" ಅಂತ ಕಂಡರೆ ಲಾಕ್ ಅಥವಾ ರೀಜನ್.

ಬೂಷ್ಟು, ಲೆನ್ಸು, ಕರೆಂಟು

ಜೂನ್‌ನಿಂದ ಸೆಪ್ಟೆಂಬರ್ ತನಕ ನಾಲ್ಕು ತಿಂಗಳು ಈ ಊರಿನ ಗಾಳಿಯಲ್ಲಿ ನೀರೇ. ಕಾಗದದ ಕವರಿನಲ್ಲಿ, ಮುಚ್ಚಿದ ಲಾಫ್ಟ್‌ನಲ್ಲಿ ಇಟ್ಟ ಡಿಸ್ಕಿಗೆ ಬಿಳಿ ಬೂಷ್ಟು ಬಲೆಯಂತೆ ಹರಡುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅದನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುವುದೇ ಹೊರತು ಬೂಷ್ಟು ಹೋಗುವುದಿಲ್ಲ. ನಲ್ಲಿ ನೀರಿನಡಿ ಹಿಡಿದು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರಳಲ್ಲಿ ಹಚ್ಚಿ ಮೆಲ್ಲಗೆ ತೊಳೆಯಿರಿ. ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದರೆ ಒಣಗಿದಾಗ ಕಲೆ ಉಳಿಯದು. ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ಅಲ್ಲ. ದತ್ತಾಂಶ ಸುತ್ತು ಸುತ್ತಾಗಿ ಬರೆದಿರುವುದರಿಂದ ಅಡ್ಡ ಗೀರು ಒಂದೊಂದು ಸುತ್ತಿನಲ್ಲಿ ಚೂರು ಮಾತ್ರ ಕೆಡಿಸುತ್ತದೆ, ಅದನ್ನು ಡ್ರೈವ್ ತಾನೇ ತಿದ್ದಿಕೊಳ್ಳಬಲ್ಲದು. ಸುತ್ತಿನ ಗುಂಟ ಬಿದ್ದ ಗೀರು ಉದ್ದಕ್ಕೂ ಅಳಿಸಿಬಿಡುತ್ತದೆ. ಜಿಡ್ಡು ಹೋಗದಿದ್ದರೆ 70 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಮುಟ್ಟಿಸಿದರೆ ಪಾಲಿಕಾರ್ಬೊನೇಟ್ ಮಬ್ಬಾಗುತ್ತದೆ, ಮತ್ತೆ ಸರಿಹೋಗದು. ಬಿಸಿಲಿಗೂ ಇಡಬೇಡಿ, ಡಿವಿಡಿ-ಆರ್‌ನ ಬಣ್ಣದ ಪದರಕ್ಕೆ ಬಿಸಿಲು ಆಗದು.

ಡಿಸ್ಕಿನ ಯಾವ ಮುಖ ನಾಜೂಕು ಅನ್ನುವುದು ಜಾತಿಯಿಂದ ಜಾತಿಗೆ ಬೇರೆ. ಸಿಡಿ, ವಿಸಿಡಿಯಲ್ಲಿ ಹೊಳೆಯುವ ಪದರ ಲೇಬಲ್ಲಿನ ಅಡಿಯಲ್ಲೇ ಇದೆ, ಮೇಲೆ ತೆಳುವಾದ ಲ್ಯಾಕರ್ ಮಾತ್ರ. ಹಾಗಾಗಿ ಲೇಬಲ್ ಬದಿಯ ಗೀರೇ ಅದಕ್ಕೆ ಮಾರಕ. ಡಿವಿಡಿಯಲ್ಲಿ ಪದರ 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಕೂತಿದೆ, ಎರಡೂ ಬದಿಯಿಂದ ರಕ್ಷಣೆ. ಬ್ಲೂ-ರೇಯಲ್ಲಿ ಅದು ಓದುವ ಮುಖದಿಂದ ಬರೀ 0.1 ಮಿಲಿಮೀಟರ್ ಒಳಗೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ವಿದ್ಯೆಯನ್ನು ಬ್ಲೂ-ರೇ ಮೇಲೆ ಖಂಡಿತ ಪ್ರಯೋಗಿಸಬೇಡಿ. ಮದುವೆ ಡಿಸ್ಕಿನ ಮೇಲೆ ವಧೂವರರ ಫೋಟೊ ಸ್ಟಿಕ್ಕರ್ ಅಂಟಿಸಿದ್ದು ಅರ್ಧ ಎದ್ದಿರುತ್ತದಲ್ಲ, ಅದನ್ನು ಕೀಳಲು ಹೋಗಬೇಡಿ. ಡಿಸ್ಕ್ ಸಿಡಿ-ಆರ್ ಆಗಿದ್ದರೆ ಹೊಳಪಿನ ಪದರವೂ ಅದರ ಜೊತೆಗೇ ಬರುತ್ತದೆ. ಎದ್ದ ಅಂಚನ್ನು ಒತ್ತಿ ಕೂರಿಸಿ, ಒಂದು ಸಲ ನಿಧಾನ ವೇಗದಲ್ಲಿ ಓದಿಸಿ ಮುಗಿಸಿ.

ಡ್ರೈವಿನ ಪರೀಕ್ಷೆ ಸುಲಭ. ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650, ಬ್ಲೂ-ರೇಗೆ 405 ನ್ಯಾನೊಮೀಟರ್ ಲೇಸರ್. ಹೀಗಾಗಿ ಒಂದೇ ಡ್ರೈವಿನಲ್ಲಿ ಡಿವಿಡಿ ಎಲ್ಲ ಓಡಿ ವಿಸಿಡಿ ಒಂದೂ ಓಡದಿರಬಹುದು, ತಿರುವುಮುರುವೂ ಆಗಬಹುದು. ಸರಿಯಾಗಿದೆ ಅಂತ ಗೊತ್ತಿರುವ ಒಂದೊಂದು ಡಿಸ್ಕ್ ಇಟ್ಟುಕೊಳ್ಳಿ: ಒಂದು ಸಿಡಿ, ಎರಡು ಪದರದ ಒಂದು ಸಿನಿಮಾ ಡಿವಿಡಿ, ಬರೆದ ಒಂದು ಡಿವಿಡಿ-ಆರ್. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಬಳಸಿದ ಯುಎಸ್‌ಬಿ ಡ್ರೈವ್ ಕೊಳ್ಳಲು ಹೋಗುವಾಗಲೂ ಈ ಮೂರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯ ಕಂಪ್ಯೂಟರಿನಲ್ಲೇ ಹಾಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಲೇಸರ್ ಸೊರಗಿದ ಡ್ರೈವ್ 8.5 ಜಿಬಿಯ ಎರಡು ಪದರದ ಡಿಸ್ಕಿನಲ್ಲಿ ಸಿಕ್ಕಿಬೀಳುತ್ತದೆ: ಸಿನಿಮಾದ ನಡುಭಾಗದಲ್ಲಿ, ಒಂದು ಪದರ ಮುಗಿದು ಇನ್ನೊಂದಕ್ಕೆ ಹೋಗುವಾಗ ತಡವರಿಸುತ್ತದೆ. ಅರೆಕ್ಷಣದ ತಡೆ ಸಹಜ, ಹತ್ತು ಸೆಕೆಂಡ್ ನಿಂತರೆ ಬೇಡ.

ಲ್ಯಾಪ್‌ಟಾಪ್ ಮಾದರಿಯ ತೆಳು ಡ್ರೈವಿನಲ್ಲಿ ಲೆನ್ಸ್ ಟ್ರೇಯ ಮೇಲೇ ಕಾಣುತ್ತದೆ. ಇಯರ್‌ಬಡ್‌ಗೆ ಐಸೋಪ್ರೊಪೈಲ್ ಹಚ್ಚಿ, ಒತ್ತದೆ, ಎರಡು ಸುತ್ತು ತಿರುಗಿಸಿದರೆ ಸಾಕು. ಬ್ರಶ್ ಇರುವ ಕ್ಲೀನಿಂಗ್ ಡಿಸ್ಕ್ ನನಗೆ ಇಷ್ಟವಿಲ್ಲ. ಇನ್ನು ಕರೆಂಟು: ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪ್, 3.0ದ್ದು 900. ಡಿಸ್ಕ್ ತಿರುಗಲು ಶುರುವಾಗುವಾಗ ಡ್ರೈವ್ ಅದಕ್ಕಿಂತ ಜಾಸ್ತಿ ಎಳೆಯಬಹುದು. ಟಕ್ ಟಕ್ ಸದ್ದಾಗಿ ಡ್ರೈವ್ ಮಾಯವಾಗುವುದು ಇದರಿಂದಲೇ. ಹಬ್ ತೆಗೆಯಿರಿ, ಮುಂಭಾಗದ ಪೋರ್ಟ್ ಬಿಟ್ಟು ಮದರ್‌ಬೋರ್ಡಿನ ಹಿಂದಿನ ಪೋರ್ಟಿಗೆ ಹಾಕಿ, ಗಿಡ್ಡ ಕೇಬಲ್ ಬಳಸಿ. ಎರಡು ಯುಎಸ್‌ಬಿ ತುದಿಯ ವೈ ಕೇಬಲ್ ಇದ್ದರೆ ಇನ್ನೂ ಒಳ್ಳೆಯದು.

ಈಗ ನಿಜವಾದ ಲಾಕ್

ಡಿವಿಡಿಯಲ್ಲಿ ಎರಡು ಬೇರೆ ಬೇರೆ ಅಡ್ಡಿಗಳಿವೆ, ಜನ ಬೆರೆಸಿಬಿಡುತ್ತಾರೆ. ಮೊದಲನೆಯದು ರೀಜನ್. ಅಮೆರಿಕ 1, ಯುರೋಪ್, ಜಪಾನ್ ಮತ್ತು ದುಬೈ ಸೇರಿದ ಕೊಲ್ಲಿ ದೇಶಗಳು 2, ಸಿಂಗಾಪುರದ ಕಡೆ 3, ಆಸ್ಟ್ರೇಲಿಯ 4, ನಾವು 5. ನಮ್ಮ ಸಿನಿಮಾ ಡಿವಿಡಿಗಳಲ್ಲಿ ಹೆಚ್ಚಿನವು ಎಲ್ಲ ರೀಜನ್‌ಗೂ ಸಲ್ಲುವಂಥವು, ನೆಂಟರು ತಂದ ಹಾಲಿವುಡ್ ಡಿಸ್ಕುಗಳೇ ತಕರಾರು ಮಾಡುವುದು. 2000ದ ಜನವರಿಯಿಂದ ಈಚಿನ ಡ್ರೈವುಗಳಲ್ಲಿ ರೀಜನ್ ಲೆಕ್ಕವನ್ನು ಡ್ರೈವಿನ ಫರ್ಮ್‌ವೇರೇ (ಅದರೊಳಗೇ ಇರುವ ಸಾಫ್ಟ್‌ವೇರ್) ಇಟ್ಟುಕೊಂಡಿರುತ್ತದೆ. ಬದಲಾಯಿಸಲು ಐದೇ ಅವಕಾಶ, ಐದನೆಯದೇ ಶಾಶ್ವತ. ವಿಂಡೋಸ್ ಮತ್ತೆ ಹಾಕಿದರೂ ಆ ಲೆಕ್ಕ ಸೊನ್ನೆಗೆ ಬರುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು ಡ್ರೈವಿನ ಪ್ರಾಪರ್ಟೀಸ್‌ನಲ್ಲಿ "ಡಿವಿಡಿ ರೀಜನ್" ಟ್ಯಾಬ್ ನೋಡಿ, ಈಗಿನ ರೀಜನ್ನೂ ಉಳಿದ ಅವಕಾಶವೂ ಅಲ್ಲೇ ಕಾಣುತ್ತದೆ. ಲಿನಕ್ಸ್‌ನಲ್ಲಿ ಅದೇ ಕೆಲಸಕ್ಕೆ ರೀಜನ್‌ಸೆಟ್ ಎಂಬ ಚಿಕ್ಕ ಕಮಾಂಡ್ ಇದೆ. ದುಬೈ ಡಿಸ್ಕಿಗೊಮ್ಮೆ, ಊರಿನ ಡಿಸ್ಕಿಗೊಮ್ಮೆ ಬದಲಿಸುತ್ತಾ ಹೋಗುವ ಬದಲು ಎರಡನೇ ಹಳೆ ಡ್ರೈವ್ ಒಂದನ್ನು 2ಕ್ಕೆ ಇಟ್ಟು ಬಿಡುವುದು ಜಾಣತನ.

ಎರಡನೆಯದು ಸಿಎಸ್‌ಎಸ್, ಅಂದರೆ ಚಿತ್ರವನ್ನೇ ಕಲಸಿಡುವ ಗೂಢಲಿಪಿ. 1996ರದ್ದು, 40 ಬಿಟ್ ಕೀಲಿ. ವಿಎಲ್‌ಸಿಯ ಜೊತೆ ವಿಂಡೋಸ್, ಮ್ಯಾಕ್‌ಗಳಲ್ಲಿ ಅದನ್ನು ಬಿಡಿಸುವ ಲಿಬ್‌ಡಿವಿಡಿಸಿಎಸ್‌ಎಸ್ ಸೇರಿಯೇ ಬರುತ್ತದೆ. ಲಿನಕ್ಸ್‌ನ ಉಬುಂಟುವಿನಲ್ಲಿ ಲಿಬ್‌ಡಿವಿಡಿ-ಪಿಕೆಜಿ ಪ್ಯಾಕೇಜ್ ಹಾಕಿ, ಆಮೇಲೆ ಡಿಪಿಕೆಜಿ-ರೀಕಾನ್ಫಿಗರ್ ಕಮಾಂಡನ್ನು ಅದೇ ಪ್ಯಾಕೇಜಿನ ಹೆಸರು ಕೊಟ್ಟು ನಡೆಸಬೇಕು. ಈ ಎರಡನೇ ಹೆಜ್ಜೆ ಮರೆತವರೇ "ಹಾಕಿದರೂ ಓಡುತ್ತಿಲ್ಲ" ಅನ್ನುವುದು. ವಿಂಡೋಸ್ 8ರಿಂದ ಮೀಡಿಯಾ ಪ್ಲೇಯರಿನಲ್ಲಿ ಡಿವಿಡಿ ಓಡಿಸುವ ಸೌಲಭ್ಯವನ್ನೇ ತೆಗೆದಿದ್ದಾರೆ. ಅದರಲ್ಲಿ ಓಡದಿದ್ದರೆ ಡಿಸ್ಕನ್ನು ಬೈಯಬೇಡಿ.

ರೀಜನ್ ಹೊಂದದಿದ್ದರೆ ಡ್ರೈವ್ ಕೀಲಿ ಕೊಡುವುದಿಲ್ಲ, ಆಗ ಲಿಬ್‌ಡಿವಿಡಿಸಿಎಸ್‌ಎಸ್ ಲೆಕ್ಕ ಹಾಕಿ ಕೀಲಿ ಕಂಡುಹಿಡಿಯಲು ನೋಡುತ್ತದೆ. ಡಿಸ್ಕ್ ಹಾಕಿದ ಮೇಲೆ ಸುಮಾರು ಹೊತ್ತು ವಿಎಲ್‌ಸಿ ಸುಮ್ಮನೆ ಕೂತಂತೆ ಕಾಣುವುದು ಇದಕ್ಕೇ, ಕಾಯಿರಿ. ಆದರೆ ಕೆಲವು ಡ್ರೈವುಗಳು, ಮುಖ್ಯವಾಗಿ ಹಳೆಯ ಮ್ಯಾಕ್‌ಗಳಲ್ಲಿದ್ದ ಮಾತ್ಸುಶಿತಾ ಡ್ರೈವುಗಳು, ರೀಜನ್ ತಪ್ಪಿದರೆ ಕಲಸಿದ ಸೆಕ್ಟರನ್ನೂ ಓದಿಕೊಡುವುದಿಲ್ಲ. ಅಲ್ಲಿ ಸಾಫ್ಟ್‌ವೇರ್ ಬದಲಿಸಿ ಪ್ರಯೋಜನವಿಲ್ಲ, ಡ್ರೈವ್ ಬದಲಿಸಿ.

ಒಂದು ಚಿಕ್ಕ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕೊಳಕು ಡಿಸ್ಕ್ ಓದುವಾಗ ತಪ್ಪು ಕೀಲಿ ಸಿಕ್ಕಿದರೆ ಅದೇ ಕ್ಯಾಶ್‌ನಲ್ಲಿ, ಅಂದರೆ ಮರುಬಳಕೆಗೆಂದು ತೆಗೆದಿಡುವ ಜಾಗದಲ್ಲಿ, ಉಳಿದುಬಿಡಬಹುದು. ಆಮೇಲೆ ಎಷ್ಟು ತೊಳೆದರೂ ಚೌಕಗಳೇ. ವಿಂಡೋಸ್‌ನಲ್ಲಿ ಆಪ್‌ಡೇಟಾ, ರೋಮಿಂಗ್ ಒಳಗಿನ ಡಿವಿಡಿಸಿಎಸ್‌ಎಸ್ ಫೋಲ್ಡರ್, ಲಿನಕ್ಸ್‌ನಲ್ಲಿ ಹೋಮ್‌ನ ಅಡಗಿರುವ ಅದೇ ಹೆಸರಿನ ಫೋಲ್ಡರ್ ಅಳಿಸಿ ಮತ್ತೆ ಹಾಕಿ ನೋಡಿ. ಮೆನುವಿನಲ್ಲೇ ಸಿಕ್ಕಿಕೊಂಡರೆ ವಿಎಲ್‌ಸಿಯ "ಓಪನ್ ಡಿಸ್ಕ್"ನಲ್ಲಿ "ನೋ ಡಿಸ್ಕ್ ಮೆನುಸ್" ಗುರುತು ಹಾಕಿ. ತಡೆತಡೆದು ಓಡಿದರೆ ಅಲ್ಲೇ "ಶೋ ಮೋರ್ ಆಪ್ಶನ್ಸ್" ಒತ್ತಿ ಕ್ಯಾಶಿಂಗ್ 300 ಇದ್ದದ್ದನ್ನು 2000 ಮಿಲಿಸೆಕೆಂಡ್ ಮಾಡಿ.

ಸರಿಯಾಗಿ ಓಡುವ ಡಿಸ್ಕನ್ನು ಸಾದಾ ಟೂಲ್‌ನಲ್ಲಿ ಐಎಸ್‌ಒ (ಇಡೀ ಡಿಸ್ಕಿನ ಪ್ರತಿ ಒಂದೇ ಫೈಲಿನಲ್ಲಿ) ಮಾಡಿ ಖಾಲಿ ಡಿವಿಡಿಗೆ ಬರೆದರೆ ಪ್ಲೇಯರಿನಲ್ಲಿ ಓಡದು. ಯಾಕೆಂದರೆ ಡಿಸ್ಕಿನ ಕೀಲಿ ಲೀಡ್-ಇನ್ ಎಂಬ ಒಳಸುತ್ತಿನಲ್ಲಿದೆ, ಟೈಟಲ್ ಕೀಲಿ ಸೆಕ್ಟರಿನ ತಲೆಭಾಗದಲ್ಲಿದೆ. ಐಎಸ್‌ಒಗೆ ಬರುವುದು ಪ್ರತಿ ಸೆಕ್ಟರಿನ 2048 ಬೈಟ್ ಮಾತ್ರ. ಖಾಲಿ ಡಿಸ್ಕಿನಲ್ಲಿ ಆ ಕೀಲಿಯ ಜಾಗವನ್ನು ಕಾರ್ಖಾನೆಯಲ್ಲೇ ತುಂಬಿಬಿಟ್ಟಿರುತ್ತಾರೆ. ಡಿಸ್ಕ್ ಬರೆಯುವ ಇಮ್ಗ್‌ಬರ್ನ್, ವಿಡಿಯೋ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಎರಡೂ ಒಳ್ಳೆಯ ಟೂಲ್‌ಗಳೇ, ಆದರೆ ಲಾಕ್ ಬಿಡಿಸುವ ಕೆಲಸವನ್ನು ತಾವಾಗಿ ಮಾಡುವುದಿಲ್ಲ. ಅವುಗಳಿಂದ ಅದನ್ನು ನಿರೀಕ್ಷಿಸಿ ಮರುಮರು ಇನ್‌ಸ್ಟಾಲ್ ಮಾಡುವುದು ವ್ಯರ್ಥ.

ಬೇಕೆಂದೇ ಕೆಟ್ಟ ಸೆಕ್ಟರ್ ಇಟ್ಟ ಡಿಸ್ಕುಗಳೂ ಇವೆ, ಸೋನಿಯ ಆರ್ಕೋಸ್ ಅಂಥದ್ದು. ಪ್ಲೇಯರ್ ಮೆನುವಿನ ದಾರಿ ಹಿಡಿದು ಹೋಗುವುದರಿಂದ ಆ ಸೆಕ್ಟರುಗಳನ್ನು ಮುಟ್ಟುವುದೇ ಇಲ್ಲ; ಸಾಲಾಗಿ ಓದುವ ಕಾಪಿ ಟೂಲ್ ಅಲ್ಲಿ ಮುಗ್ಗರಿಸುತ್ತದೆ. ಗುರುತಿಸುವುದು ಹೀಗೆ: ಡಿಸ್ಕ್ ಶುಭ್ರವಾಗಿದೆ, ಸಿನಿಮಾ ಕೊನೆಯವರೆಗೆ ಸರಾಗ ಓಡುತ್ತದೆ, ಆದರೆ ಕಾಪಿ ಎರಡು ಡ್ರೈವಿನಲ್ಲೂ ಅದೇ ಸೆಕ್ಟರ್ ಸಂಖ್ಯೆಯಲ್ಲಿ ನಿಲ್ಲುತ್ತದೆ. ಅಲ್ಲಿ ನೂರು ಸಲ ರೀಟ್ರೈ ಕೊಟ್ಟರೆ ಡ್ರೈವ್ ಬಿಸಿಯಾಗುವುದಷ್ಟೇ. 99 ಟೈಟಲ್ ತೋರಿಸಿ ಗೊಂದಲ ಮಾಡುವ ಡಿಸ್ಕಿನಲ್ಲಿ ನಿಜವಾದ ಸಿನಿಮಾ ಯಾವುದೆಂದು ತಿಳಿಯಲು ವಿಎಲ್‌ಸಿಯಲ್ಲಿ ಮೆನುವಿನಿಂದಲೇ ಸಿನಿಮಾ ಶುರು ಮಾಡಿ, ಪ್ಲೇಬ್ಯಾಕ್ ಮೆನುವಿನ ಟೈಟಲ್‌ನಲ್ಲಿ ಯಾವ ಸಂಖ್ಯೆಗೆ ಗುರುತು ಬಿದ್ದಿದೆ ನೋಡಿ.

ಕಾನೂನಿನ ವಿಷಯ ಒಂದಿಷ್ಟು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಲಾಕ್ ಮೀರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಈ ತಡೆ ಅನ್ವಯಿಸದು ಅಂತಲೂ ಅದೇ ಕಲಮು ಹೇಳುತ್ತದೆ, ಮತ್ತು 52ನೇ ಕಲಮು ಖಾಸಗಿ ಬಳಕೆಯ ನ್ಯಾಯಯುತ ವ್ಯವಹಾರಕ್ಕೆ ಜಾಗ ಕೊಟ್ಟಿದೆ. ಆದರೆ ಬೇರೆಯವರಿಗಾಗಿ ಲಾಕ್ ಬಿಡಿಸಿಕೊಡುವವರು ಅವರ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ಬರೆದಿಡಬೇಕು. ಅಂಗಡಿಯಲ್ಲಿ "ಕಾಪಿ ಮಾಡಿಕೊಡುತ್ತೇವೆ" ಅನ್ನುವವರ ಬಳಿ ಅಂಥ ಪುಸ್ತಕ ಇದೆಯೇ ಕೇಳಿ ನೋಡಿ, ಮುಖ ನೋಡಲು ಮಜವಾಗಿರುತ್ತದೆ. ಕೊಂಡ ಡಿಸ್ಕು, ಮನೆಯೊಳಗಿನ ಪ್ರತಿ, ಅಷ್ಟಕ್ಕೇ ನಿಲ್ಲಿಸಿ. ಟೆಲಿಗ್ರಾಂ ಗುಂಪಿಗೆ ಹಾಕುವುದು ಬೇರೆಯೇ ಕಥೆ.

ವಿಸಿಡಿ ಮತ್ತು ಮದುವೆ ಡಿಸ್ಕ್

ನನ್ನ ಮಟ್ಟಿಗೆ ಮೊದಲು ಉಳಿಸಬೇಕಾದವು ಇವೇ. ಸಿನಿಮಾ ಇನ್ನೆಲ್ಲಾದರೂ ಸಿಕ್ಕೀತು, ಸಣ್ಣ ಅಂಗಡಿಯವರು ತಂದ ತಾಳಮದ್ದಳೆಯ ವಿಸಿಡಿ ಸಿಗಲಿಕ್ಕಿಲ್ಲ.

ವಿಸಿಡಿಯ ಎಂಪಿಇಜಿಎವಿ ಫೋಲ್ಡರಿನಲ್ಲಿ ಎವಿಎಸ್‌ಇಕ್ಯು01.ಡ್ಯಾಟ್ ಅಂತ ಫೈಲ್ ಇರುತ್ತದೆ. ಅದನ್ನು ಎಳೆದು ಹಾರ್ಡ್ ಡಿಸ್ಕಿಗೆ ಹಾಕಲು ಹೋದರೆ ಅರ್ಧದಲ್ಲಿ ಎರರ್. ಇದು ಲಾಕ್ ಅಲ್ಲ. ವಿಸಿಡಿಯ ಚಿತ್ರ ಇರುವ ಸೆಕ್ಟರುಗಳಲ್ಲಿ ಜಾಗ ಉಳಿಸಲೆಂದು ತಪ್ಪು ತಿದ್ದುವ ಹೆಚ್ಚುವರಿ ಪದರ ಬಿಟ್ಟು 2324 ಬೈಟ್ ತುಂಬಿದ್ದಾರೆ. ಓಡಿಸುವಾಗ ಒಂದು ಬೈಟ್ ತಪ್ಪಿದರೆ ಒಂದು ಚುಕ್ಕೆ ಕಂಡು ಹೋಗುತ್ತದೆ, ಕಾಪಿ ಮಾಡುವಾಗ ವಿಂಡೋಸ್ ಅಲ್ಲೇ ಕೈಬಿಡುತ್ತದೆ. ಲಿನಕ್ಸ್‌ನಲ್ಲಿ ಸಾದಾ ಕಾಪಿ ಶುರುವಾಗುವುದೇ ಇಲ್ಲ. ಹಾಗಾಗಿ ಕಚ್ಚಾ ರೂಪದಲ್ಲಿ ತೆಗೆಯಬೇಕು: ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್‌ನ ರೀಡ್ ಮೋಡ್ ತಾನಾಗಿ ಬಿನ್ ಮತ್ತು ಕ್ಯೂ ಎಂಬ ಎರಡು ಫೈಲ್ ಮಾಡುತ್ತದೆ, ಲಿನಕ್ಸ್‌ನಲ್ಲಿ ವಿಸಿಡಿಇಮೇಜರ್ ಜೊತೆ ಬರುವ ವಿಸಿಡಿಎಕ್ಸ್‌ರಿಪ್ ನೇರ ಎಂಪಿಇಜಿ ಫೈಲ್ ಕೊಡುತ್ತದೆ. ವೇಗ 4 ಎಕ್ಸ್ ಅಥವಾ 8 ಎಕ್ಸ್‌ಗೆ ಇಳಿಸಿ. ಓಡಿಸಲು ಮಾತ್ರ ಬೇಕಿದ್ದರೆ ವಿಎಲ್‌ಸಿಯ ಓಪನ್ ಡಿಸ್ಕ್‌ನಲ್ಲಿ "ಎಸ್‌ವಿಸಿಡಿ/ವಿಸಿಡಿ" ಆರಿಸಿ. ಎರಡು ಮೂರು ಡಿಸ್ಕಿನ ಪ್ರಸಂಗವನ್ನು ಎಂಕೆವಿಟೂಲ್‌ನಿಕ್ಸ್‌ನ ಅಪೆಂಡ್‌ನಲ್ಲಿ ಒಂದೇ ಫೈಲ್ ಮಾಡಬಹುದು. 352×288ರ ಆ ಚಿತ್ರವನ್ನು ಮತ್ತೆ ಕುಗ್ಗಿಸಬೇಡಿ, ಮೊದಲೇ ಅದರಲ್ಲಿ ಏನೂ ಉಳಿದಿಲ್ಲ.

ಮದುವೆ ಡಿಸ್ಕ್ ಬರೆದ ಸಾಧನದಲ್ಲಿ ಓಡಿ ಕಂಪ್ಯೂಟರಿನಲ್ಲಿ ಖಾಲಿ ಅಂತ ತೋರಿಸಿದರೆ ಫೈನಲೈಸ್ (ಬರೆದು ಮುಗಿಸುವ ಕೊನೆಯ ಹೆಜ್ಜೆ) ಆಗಿಲ್ಲವೇನೋ ನೋಡಿ, ನೇರ ಡಿಸ್ಕಿಗೆ ಬರೆಯುವ ಕ್ಯಾಮೆರಾ, ರೆಕಾರ್ಡರುಗಳದ್ದು ಹೀಗಾಗುತ್ತದೆ. ಆ ಸಾಧನ ಇನ್ನೂ ಇದ್ದರೆ ಅದರಲ್ಲೇ ಫೈನಲೈಸ್ ಮಾಡಿಸಿ. ಓದುವ ಡಿಸ್ಕಾದರೆ ವಿಡಿಯೋ_ಟಿಎಸ್ ಫೋಲ್ಡರನ್ನು ಹಾಗೇ ಕಾಪಿ ಮಾಡಿದರಾಯಿತು. ಕೆಟ್ಟಿದ್ದರೆ ಉಬುಂಟು ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕಿನಿಂದ ಆದಷ್ಟೂ ಓದಿ ತೆಗೆಯುವ ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ. ಬ್ಲಾಕ್ ಗಾತ್ರ 2048, ಮೊದಲ ಸುತ್ತಿಗೆ "ಎನ್" ಆಯ್ಕೆ: ಕೆಟ್ಟ ಜಾಗದಲ್ಲಿ ಕೂರದೆ ಮುಂದೆ ಹೋಗಿ ಸುಲಭದ್ದೆಲ್ಲ ಬಾಚಿಕೊಳ್ಳುತ್ತದೆ. ಎರಡನೇ ಸುತ್ತಿಗೆ "ಡಿ" (ಡ್ರೈವಿನಿಂದ ನೇರ ಓದು) ಮತ್ತು "ಆರ್3" (ಮೂರು ಸಲ ಮರುಪ್ರಯತ್ನ). ಎಲ್ಲಿ ಓದಿಯಾಯಿತು, ಎಲ್ಲಿ ಇಲ್ಲ ಅಂತ ಲೆಕ್ಕ ಇಡುವ ಮ್ಯಾಪ್ ಫೈಲಿನ ಹೆಸರು ಕೊಡಲು ಮರೆಯಬೇಡಿ, ಇಡೀ ಉಪಾಯ ಅದರಲ್ಲೇ ಇದೆ. ಡಿಸ್ಕನ್ನು ಇನ್ನೊಂದು ಡ್ರೈವಿಗೆ ಹಾಕಿ ಅದೇ ಐಎಸ್‌ಒ, ಅದೇ ಮ್ಯಾಪ್ ಫೈಲ್ ಕೊಟ್ಟರೆ ಉಳಿದ ತೂತುಗಳನ್ನು ಮಾತ್ರ ಓದಲು ನೋಡುತ್ತದೆ. ಒಂದು ಡ್ರೈವಿಗೆ ಆಗದ್ದು ಇನ್ನೊಂದಕ್ಕೆ ಆಗುವುದು ಸಾಮಾನ್ಯ. ಬರೆದುಕೊಟ್ಟ ಡ್ರೈವೇ ಸಿಕ್ಕರೆ ಇನ್ನೂ ಒಳ್ಳೆಯದು.

ಬ್ಲೂ-ರೇ

ಕಂಪ್ಯೂಟರಿನಲ್ಲಿ ಬ್ಲೂ-ರೇ ಓಡಿಸುವ ಆಸೆ ಬಿಡಿ ಅನ್ನುವುದು ನನ್ನ ಸಲಹೆ, ಒಂದು ಸ್ಟ್ಯಾಂಡ್‌ಅಲೋನ್ ಪ್ಲೇಯರ್ ತೆಗೆದುಕೊಳ್ಳಿ. ಇಲ್ಲಿನ ಎಎಸಿಎಸ್ ಲಾಕ್ ಹೊಸ ಡಿಸ್ಕುಗಳ ಜೊತೆ ಬದಲಾಗುತ್ತಾ ಹೋಗುತ್ತದೆ, ಪವರ್‌ಡಿವಿಡಿಯಂಥ ಪ್ಲೇಯರ್ ಅಪ್‌ಡೇಟ್ ಆಗದಿದ್ದರೆ ಹೊಸ ಡಿಸ್ಕ್ ಓಡದು. ವಿಎಲ್‌ಸಿಯಲ್ಲಿ ಅದನ್ನು ಬಿಡಿಸುವ ಲಿಬ್‌ಎಎಸಿಎಸ್ ಇದ್ದರೂ ಕೀಲಿಗಳು ಅದರೊಳಗೆ ಬರುವುದಿಲ್ಲ. ಮಾನಿಟರಿಗೆ ವಿಜಿಎ ಅಡಾಪ್ಟರ್ ಇದ್ದರೆ, ಹಿನ್ನೆಲೆಯಲ್ಲಿ ಸ್ಕ್ರೀನ್ ರೆಕಾರ್ಡರ್ ಅಥವಾ ರಿಮೋಟ್ ಡೆಸ್ಕ್‌ಟಾಪ್ ನಡೆಯುತ್ತಿದ್ದರೆ ಎಚ್‌ಡಿಸಿಪಿ (ಪರದೆಗೆ ಹೋಗುವ ದಾರಿಯಲ್ಲಿ ನಕಲು ತಡೆಯುವ ವ್ಯವಸ್ಥೆ) ಹೆಸರು ಹೇಳಿ ಪ್ಲೇಯರ್ ನಿಲ್ಲಿಸಬಹುದು. ಅವನ್ನು ಮುಚ್ಚಿ, ಒಂದೇ ಪರದೆಗೆ ನೇರ ಎಚ್‌ಡಿಎಂಐ ಹಾಕಿ ನೋಡಿ. 4ಕೆ ಡಿಸ್ಕಿಗೆ ಪವರ್‌ಡಿವಿಡಿ ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ, ಅದನ್ನು 11ನೇ ತಲೆಮಾರಿನ ಕೋರ್ ಪ್ರೊಸೆಸರಿನಿಂದ ಇಂಟೆಲ್ ಕೈಬಿಟ್ಟಿದೆ. ಅಂದರೆ ಹೊಸ ಕಂಪ್ಯೂಟರ್ ಕೊಂಡಷ್ಟೂ ಓಡುವ ಸಾಧ್ಯತೆ ಕಡಿಮೆ. ಪ್ಲೇಯರ್ ಕೊಳ್ಳುವಾಗ ರೀಜನ್ ಅಕ್ಷರ ನೋಡಿ: ಭಾರತ ಸಿ, ಅಮೆರಿಕ ಎ, ಯುರೋಪ್ ಮತ್ತು ಕೊಲ್ಲಿ ಬಿ. 4ಕೆ ಡಿಸ್ಕಿಗೆ ರೀಜನ್ ಇಲ್ಲ.

ಉಳಿಸಿದ್ದನ್ನು ಇಡುವಾಗ ಹಾರ್ಡ್ ಡಿಸ್ಕ್ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಯದು. ಆಗ ಬರುವ ಎರರನ್ನೂ ಜನ ಲಾಕ್ ಅನ್ನುತ್ತಾರೆ. ಹ್ಯಾಂಡ್‌ಬ್ರೇಕ್‌ನಲ್ಲಿ ಕುಗ್ಗಿಸುವುದಾದರೆ ಡಿವಿಡಿಗೆ ಆರ್‌ಎಫ್ (ಗುಣಮಟ್ಟದ ಅಂಕಿ) 18ರಿಂದ 22ರೊಳಗೆ ಸಾಕು, ಚಿತ್ರದಲ್ಲಿ ಯಾರಾದರೂ ಕೈಯಾಡಿಸಿದಾಗ ಬಾಚಣಿಗೆ ಹಲ್ಲಿನಂತೆ ಗೆರೆ ಕಂಡರೆ ಡಿಇಂಟರ್‌ಲೇಸ್ ಆನ್ ಮಾಡಿ. ಡಿಸ್ಕನ್ನು ಎಸೆಯುವ ಮುಂಚೆ ಪ್ರತಿಯ ಮೊದಲ ಐದು ನಿಮಿಷವಲ್ಲ, ನಡುಭಾಗವನ್ನೂ ಕೊನೆಯ ಹತ್ತು ನಿಮಿಷವನ್ನೂ ಓಡಿಸಿ ನೋಡಿ. ಬೂಷ್ಟು ಹೊರ ಅಂಚಿನಿಂದ ಒಳಕ್ಕೆ ಹರಡಿರುವುದೇ ಹೆಚ್ಚು. ಒಂದೇ ಪದರದ ಡಿಸ್ಕಿನಲ್ಲಿ ಹೊರ ಅಂಚೆಂದರೆ ಸಿನಿಮಾದ ಕೊನೆ, ಎರಡು ಪದರದ್ದರಲ್ಲಿ ಅದು ಸಾಮಾನ್ಯವಾಗಿ ನಡುಭಾಗ.